ಪದ ಪರಿಚಯ: ಏರ್ ಟೆಸ್ಟ್

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕಾ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಎಂಜಿನ್ ಬಿಚ್ಚಿ ರಿಪೇರಿ ಮಾಡುವ ಕಾಲ ಅದು. ಆಗ ಪದೇ ಪದೇ ಕಿವಿಗೆ ಬೀಳುವ ಮಾತು, "ಕೂಲರ್ ಏರ್ ಟೆಸ್ಟ್ ಆಯ್ತಾ?" ಎಂಜಿನ್ ತಣಿಸುವ ಕೂಲರ್‌ಗೆ ಗಾಳಿ ತುಂಬಿ ಲೀಕ್ ಹುಡುಕುವುದೇ ಏರ್ ಟೆಸ್ಟ್. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ವರ್ಕ್‌ಶಾಪುಗಳಲ್ಲಿ ಈ ಮಾತು ವರ್ಷವಿಡೀ ಕೇಳುತ್ತದೆ. ಕಾಗದದಲ್ಲಿ ಬರೆಯುವಾಗ ಇದೇ 'ನ್ಯೂಮ್ಯಾಟಿಕ್ ಟೆಸ್ಟ್' ಆಗುತ್ತದೆ. ಗಾಳಿ, ಉಸಿರು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು.

ಹೀಟ್ ಎಕ್ಸ್‌ಚೇಂಜರ್ ಅಂದರೆ ಬಿಸಿ ದಾಟಿಸುವ ಸಾಧನ, ಬೋಟಿನ ಕೂಲರ್ ಕೂಡ ಅದೇ. ಹೊರಗೆ ಒಂದು ಶೆಲ್, ಅಂದರೆ ಲೋಹದ ಚಿಪ್ಪು, ಅದರೊಳಗೆ ಸಪೂರ ಟ್ಯೂಬುಗಳ ಒಂದು ಕಟ್ಟು. ಟ್ಯೂಬಿನ ಒಳಗೊಂದು ದ್ರವ, ಹೊರಗೊಂದು ದ್ರವ. ಬಿಸಿ ದಾಟಬೇಕು, ದ್ರವ ದಾಟಬಾರದು. ನಡುವೆ ಇರುವುದು ಒಂದೆರಡು ಮಿಲಿಮೀಟರ್ ದಪ್ಪದ ಲೋಹ ಅಷ್ಟೇ. ಉಪ್ಪುನೀರು ಅದನ್ನು ಸದ್ದಿಲ್ಲದೆ ತಿನ್ನುತ್ತದೆ. ಸೂಜಿ ಮೊನೆಯಷ್ಟು ತೂತು ಸಾಕು, ಬೋಟಿನ ಎಂಜಿನ್ ತಣಿಸುವ ಕೂಲಂಟ್‌ಗೆ ಕಡಲ ನೀರು ಸೇರುತ್ತದೆ.

ಆ ತೂತು ಯಾವ ಟ್ಯೂಬಿನಲ್ಲಿ ಉಂಟು? ನೂರಾರು ಬಾಯಿಗಳು, ಎಲ್ಲ ಒಂದೇ ಥರ. ಸೈಕಲ್ ಟ್ಯೂಬನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತೇವಲ್ವಾ, ಏರ್ ಟೆಸ್ಟ್‌ನ ಉಪಾಯವೂ ಅದೇ. ಎರಡೂ ಕಡೆಯ ಕವರ್ ಬಿಚ್ಚಿ, ಶೆಲ್ ಒಳಗೆ ಕಂಪ್ರೆಸರ್ ಗಾಳಿ ತುಂಬುತ್ತಾರೆ. ಟ್ಯೂಬುಗಳ ಬಾಯಿ ಕಾಣುವ ತಟ್ಟೆಗೆ, ಅಂದರೆ ಟ್ಯೂಬ್ ಶೀಟ್‌ಗೆ, ಸೋಪ್ ನೀರು ಹಚ್ಚುತ್ತಾರೆ. ಆಮೇಲೆ ಟಾರ್ಚ್ ಹಿಡಿದು ಕಾಯುವುದು.

ಇಲ್ಲಿ ಕಣ್ಣಿಗೆ ಕೆಲಸ ಜಾಸ್ತಿ. ಬಾಯಿಯ ಅಂಚಿನ ಸುತ್ತ ಸಾಸಿವೆಯಂಥ ಗುಳ್ಳೆಗಳು ಎದ್ದರೆ ಲೀಕ್ ಇರುವುದು ಟ್ಯೂಬ್ ಮತ್ತು ಶೀಟ್ ಸೇರುವ ಜಾಯಿಂಟ್‌ನಲ್ಲಿ. ಇನ್ನೊಂದು ತುದಿಗೆ ಬಿರಡೆ ಹಾಕಿ, ಈ ಬಾಯಿಗೆ ಸೋಪಿನ ತೆಳು ಪೊರೆ ಎಳೆದಾಗ ಅದು ಮೆಲ್ಲಗೆ ಹೊರಗೆ ಉಬ್ಬಿದರೆ ಟ್ಯೂಬೇ ತೂತಾಗಿದೆ. ಪೂರಿ ಉಬ್ಬಿದ ಹಾಗೆ ಕಾಣುತ್ತದೆ. ಏಪ್ರಿಲ್ ಸೆಕೆಯಲ್ಲಿ ಸೋಪ್ ನೀರು ಬೇಗ ಒಣಗುವುದರಿಂದ ಸ್ವಲ್ಪ ಗ್ಲಿಸರಿನ್ ಬೆರೆಸುವುದು ಒಳ್ಳೆಯದು. ಶೆಲ್‌ಗೆ ಗಾಳಿ ತುಂಬಲು ಆಗದಿದ್ದರೆ ಟ್ಯೂಬನ್ನು ಒಂದೊಂದಾಗಿ ಎರಡೂ ತುದಿ ಮುಚ್ಚಿ, ಗಾಳಿ ಕೊಟ್ಟು, ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದಾ ಅಂತ ನೋಡುತ್ತಾರೆ.

ಒತ್ತಡ ಎಷ್ಟು? ಗುಳ್ಳೆ ನೋಡಲು ಸಾಮಾನ್ಯವಾಗಿ 1 ಬಾರ್ ಆಸುಪಾಸು ಸಾಕು. ಕಾರಿನ ಟಯರಿನಲ್ಲಿ ಇರುವುದೇ ಸುಮಾರು 2 ಬಾರ್. "ಇನ್ನೂ ಸ್ವಲ್ಪ ಏರಿಸಿ ಮಾರಾಯ್ರೆ, ಬೇಗ ಗೊತ್ತಾಗುತ್ತೆ" ಅನ್ನುವವರು ಇರುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ನೀರನ್ನು ಒತ್ತಿದರೆ ಅದು ಕುಗ್ಗುವುದೇ ಇಲ್ಲ ಅನ್ನಬಹುದು, ಎಲ್ಲೋ ಬಿರುಕು ಬಿಟ್ಟರೆ ಒತ್ತಡ ತಕ್ಷಣ ಇಳಿಯುತ್ತದೆ. ಗಾಳಿ ಹಾಗಲ್ಲ. ಒತ್ತಿದ ಸ್ಪ್ರಿಂಗಿನ ಹಾಗೆ ಶಕ್ತಿ ಹಿಡಿದುಕೊಂಡು ಕೂತಿರುತ್ತದೆ, ಎಲ್ಲೋ ಒಡೆದರೆ ಲೋಹದ ಚೂರೇ ಹಾರಿ ಬರುತ್ತದೆ. ಅದಕ್ಕೇ ಗಟ್ಟಿತನ ನೋಡಲು ನೀರು, ಲೀಕ್ ಹುಡುಕಲು ಗಾಳಿ. ಎಣ್ಣೆ, ಗ್ಯಾಸ್ ಓಡಿದ ಎಕ್ಸ್‌ಚೇಂಜರ್‌ನಲ್ಲಿ ಸರಿಯಾಗಿ ತೊಳೆಯದೆ ಗಾಳಿ ತುಂಬಬಾರದು. ಅಂಥಲ್ಲಿ ನೈಟ್ರೋಜನ್ ಬಳಸುತ್ತಾರೆ. ಆಕ್ಸಿಜನ್ ಸಿಲಿಂಡರ್ ಮಾತ್ರ ಯಾವತ್ತೂ ಬೇಡ.

ಗೇಜನ್ನೇ ನಂಬಿದರೆ ಏನಾಗುತ್ತದೆ ಅಂತ ನಾನು ಒಮ್ಮೆ ಕಂಡಿದ್ದೇನೆ. ಬೆಳಿಗ್ಗೆ 7ಕ್ಕೆ 1 ಬಾರ್ ತುಂಬಿ ವಾಲ್ವ್ ಮುಚ್ಚಿದ್ದೆವು. 11 ಗಂಟೆಗೂ ಮುಳ್ಳು ಅಲ್ಲೇ ಇತ್ತು. ಪಾಸ್ ಅಂದೆವು. ಎರಡೇ ದಿನದಲ್ಲಿ ಕೂಲರ್ ಲೀಕ್ ಅಂತ ವಾಪಸ್ ಬಂತು. ಶೆಲ್ ಬಿಸಿಲಲ್ಲಿತ್ತು. ಒಳಗಿನ ಗಾಳಿ 27 ಡಿಗ್ರಿಯಿಂದ 36ಕ್ಕೆ ಕಾದರೆ, ಲೀಕ್ ಇಲ್ಲದಿದ್ದಲ್ಲಿ ಗೇಜು 1.06 ತೋರಿಸಬೇಕು. ಮುಳ್ಳು ಅಲ್ಲೇ ನಿಂತದ್ದೇ ಲೀಕಿನ ಗುರುತಾಗಿತ್ತು. ಈಗ ನಾವು ನೆರಳಿನಲ್ಲೇ ಟೆಸ್ಟ್ ಮಾಡುತ್ತೇವೆ, ಗೇಜಿನ ಪಕ್ಕ ಥರ್ಮಾಮೀಟರ್ ಇಡುತ್ತೇವೆ.

ಏರ್ ಟೆಸ್ಟ್ ಹೇಳುವುದು ಇವತ್ತು ತೂತು ಇದೆಯಾ ಅಂತ ಮಾತ್ರ. ತೆಳುವಾಗಿ ನಾಳೆ ತೂತಾಗಲಿರುವ ಟ್ಯೂಬ್ ಇದರಲ್ಲಿ ಪಾಸಾಗುತ್ತದೆ. ಅದನ್ನು ಹಿಡಿಯಲು ಎಡ್ಡಿ ಕರೆಂಟ್ ಟೆಸ್ಟ್, ಅಂದರೆ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ತೆಳುವಾದ ಜಾಗ ಹುಡುಕುವ ಪರೀಕ್ಷೆ ಬೇಕು. ಗುಳ್ಳೆ ಬಂದ ಜಾಯಿಂಟನ್ನು, ಟ್ಯೂಬಿನ ಬಾಯಿಯನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪಾಂಡರ್ ಹಾಕಿ ಮತ್ತೆ ಬಿಗಿ ಮಾಡುತ್ತಾರೆ. ತೂತಾದ ಟ್ಯೂಬಿಗೆ ಎರಡೂ ತುದಿಯಲ್ಲಿ ಪ್ಲಗ್ ಹೊಡೆದು, ಸೋಪ್ ನೀರು ಹಚ್ಚಿ ಇನ್ನೊಮ್ಮೆ ಗಾಳಿ ಬಿಡುತ್ತಾರೆ.