ಗಾಲ್ಫ್ ಬಾಲ್ ಆರಿಸುವುದು ಗ್ರೀನ್‌ನಿಂದ ಶುರುವಾಗಲಿ

ಹೋದ ವರ್ಷ ಏಪ್ರಿಲ್‌ನಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ನನ್ನ ಹತ್ತಿರ ಗಾಲ್ಫ್ ಕಲಿಯಲು ಬಂದರು. ಮಗ ದುಬೈಯಲ್ಲಿದ್ದಾನೆ. ಊರಿಗೆ ಬರುವಾಗ ಅಪ್ಪನಿಗೆ ಅಂತ ಒಂದು ಡಜನ್ ಬಾಲ್ ತಂದಿದ್ದ. ಟೈಟ್ಲಿಸ್ಟ್ ಪ್ರೊ ವಿ1. ಪೆಟ್ಟಿಗೆಯನ್ನು ಅವರು ಇನ್ನೂ ಒಡೆದಿರಲಿಲ್ಲ.

"ಟಿವಿಯಲ್ಲಿ ಆಡುವವರದ್ದು ಇದೇ ಬಾಲ್ ಅಂತೆ ಸರ್. ಇದರಲ್ಲಾದರೆ ನನ್ನದು ಸ್ವಲ್ಪ ದೂರ ಹೋಗ್ತದಲ್ವಾ?" ಅಂತ ಕೇಳಿದರು.

ಮೂರು ವಾರ ಕಳೆಯುವಷ್ಟರಲ್ಲಿ ಹನ್ನೆರಡರಲ್ಲಿ ಐದು ಉಳಿದಿದ್ದವು. ಬಾಕಿ ಏಳು ಮಂಗಳೂರು ಹತ್ತಿರದ ನಮ್ಮ ಪಿಲಿಕುಳ ಗಾಲ್ಫ್ ಮೈದಾನದ ಪೊದೆಗಳಿಗೆ ಹೋದವು. ಹೋದದ್ದು ಹೋಯಿತು, ನನಗೆ ಬೇಸರವಾದದ್ದು ಅದಕ್ಕಲ್ಲ. ಉಳಿದ ಐದನ್ನು ಹೊಡೆಯಲು ಅವರು ಹೆದರತೊಡಗಿದ್ದರು. ಟೀ ಎಂಬ ಪುಟ್ಟ ಗೂಟದ ಮೇಲೆ ಬಾಲ್ ಇಡುವುದು, ಬಲಗಡೆಯ ಪೊದೆ ನೋಡುವುದು, ಭುಜ ಬಿಗಿ ಮಾಡುವುದು. ಮಗ ಕೊಟ್ಟದ್ದು ಕಳೆದುಹೋದರೆ ಎಂಬ ಯೋಚನೆಯಲ್ಲಿ ಯಾರಿಗೂ ಸ್ವಿಂಗ್ ಸರಿ ಬರುವುದಿಲ್ಲ. ಮೊದಲ ದಿನವೇ ನಾನು ಆ ಪೆಟ್ಟಿಗೆ ಬದಿಗಿಡಿಸಬೇಕಿತ್ತು. ಇಡಿಸಲಿಲ್ಲ.

ಕಲಿಯಲು ಬರುವ ಹೆಚ್ಚಿನವರು ಅತಿ ದೂರ ಹೊಡೆಯುವ ಕ್ಲಬ್ (ಕೋಲು) ಆದ ಡ್ರೈವರ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಬಾಲ್ ಬಗ್ಗೆ ಒಂದೂ ಕೇಳುವುದಿಲ್ಲ. ಕೇಳಿದರೂ "ಯಾವುದು ಜಾಸ್ತಿ ದೂರ ಹೋಗುತ್ತದೆ?" ಅಂತ ಮಾತ್ರ. ಸ್ವಲ್ಪ ಲೆಕ್ಕ ಹಾಕಿ. 18 ಹೋಲ್ ಆಡಿದರೆ ಡ್ರೈವರ್ ಕೈಗೆ ಬರುವುದು ಹೆಚ್ಚೆಂದರೆ ಹದಿನಾಲ್ಕು ಸಲ. ಉಳಿದ ಹೊಡೆತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ರೀನ್ ಮೇಲೆ, ಅಂದರೆ ಧ್ವಜ ನೆಟ್ಟ ಹೋಲ್ ಇರುವ ನುಣುಪು ಹುಲ್ಲಿನ ಮೇಲೆ, ಮತ್ತು ಗ್ರೀನ್ ಸುತ್ತ. ತಗ್ಗಿನಲ್ಲಿ ಹೋಗುವ ಸಣ್ಣ ಹೊಡೆತ ಚಿಪ್, ಎತ್ತರಕ್ಕೆ ಎತ್ತುವ ಸಣ್ಣ ಹೊಡೆತ ಪಿಚ್, ಗ್ರೀನ್ ಮೇಲೆ ಉರುಳಿಸುವುದು ಪಟ್. ಬಾಲ್ ಬಾಲ್‌ಗೆ ವ್ಯತ್ಯಾಸ ಎದ್ದು ಕಾಣುವುದೂ ಅಲ್ಲಿಯೇ. ಹಾಗಾಗಿ ನಾನು ಬಾಲ್ ಆರಿಸುವುದನ್ನು ಗ್ರೀನ್‌ನಿಂದ ಶುರು ಮಾಡಿ ಹಿಂದಕ್ಕೆ, ಮೊದಲ ಹೊಡೆತದ ಜಾಗವಾದ ಟೀ ಕಡೆಗೆ ಬರಲು ಹೇಳುತ್ತೇನೆ.

ನನ್ನ ಮೇಜಿನ ಮೇಲೆ ಹ್ಯಾಕ್ಸಾದಿಂದ ಎರಡು ಹೋಳು ಮಾಡಿದ ಎರಡು ಬಾಲ್ ಇವೆ. ಹೊಸಬರ ಕೈಗೆ ಮೊದಲು ಅದನ್ನು ಕೊಡುತ್ತೇನೆ. ಒಂದು ಟೂ ಪೀಸ್. ಅರ್ಧ ಕಚ್ಚಿದ ಸುಕ್ರುಂಡೆ ನೋಡಿದ ಹಾಗೆ ಇರುತ್ತದೆ. ಒಳಗೆಲ್ಲ ಒಂದೇ ದೊಡ್ಡ ರಬ್ಬರ್ ಗುಂಡು, ಹೊರಗೆ ತೆಳ್ಳಗಿನ ಒಂದು ಕವಚ. ಈ ಕವಚ ಅಯಾನೊಮರ್ ಎಂಬ ಗಟ್ಟಿ ಪ್ಲಾಸ್ಟಿಕ್. ಆಟಗಾರರ ಬಾಯಲ್ಲಿ ಅದು ಸರ್ಲಿನ್. ಇನ್ನೊಂದು ತ್ರೀ ಪೀಸ್, ಪ್ರೊ ವಿ1 ಈ ಜಾತಿಯದ್ದು. ರಬ್ಬರ್ ಗುಂಡಿನ ಸುತ್ತ ಇನ್ನೊಂದು ಪದರ, ಅದರ ಮೇಲೆ ಯುರೆಥೇನ್ ಕವರ್. ಉಗುರಿನಲ್ಲಿ ಒತ್ತಿ ನೋಡಿ ಅನ್ನುತ್ತೇನೆ. ಸರ್ಲಿನ್ ಮೇಲೆ ಉಗುರು ಜಾರುತ್ತದೆ. ಯುರೆಥೇನ್ ಮೇಲೆ ಸ್ವಲ್ಪ ಹಿಡಿಯುತ್ತದೆ.

ಆ ಸ್ವಲ್ಪ ಹಿಡಿತಕ್ಕೇ ನಾವು ದುಡ್ಡು ಕೊಡುವುದು. ಕ್ಲಬ್ ಮತ್ತು ಬಾಲ್ ಒಂದಕ್ಕೊಂದು ತಾಗಿಕೊಂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್ ಎಂಬ ಕ್ಲಬ್ ಮುಖದ ಗೆರೆಗಳಿಗೆ ಕವರ್ ಅಷ್ಟರೊಳಗೆ ಕಚ್ಚಿಕೊಳ್ಳಬೇಕು. ಮೆತ್ತಗಿನ ಯುರೆಥೇನ್ ಕಚ್ಚಿಕೊಳ್ಳುತ್ತದೆ, ಬಾಲ್ ಹಿಮ್ಮುಖವಾಗಿ ಜೋರು ತಿರುಗುತ್ತಾ ಹೋಗುತ್ತದೆ, ಗ್ರೀನ್‌ಗೆ ಬಿದ್ದ ಮೇಲೆ ನಿಲ್ಲುತ್ತದೆ. ಸರ್ಲಿನ್ ಜಾರುತ್ತದೆ, ಸ್ಪಿನ್ ಕಡಿಮೆ, ಬಿದ್ದ ಮೇಲೂ ಓಡುತ್ತದೆ.

ಮ್ಯಾನೇಜರ್ ಸಾಹೇಬರಿಗೆ ಇದನ್ನು ಒಂದು ಸಂಜೆ ತೋರಿಸಿದೆ. ಧ್ವಜದಿಂದ ಇಪ್ಪತ್ತು ಹೆಜ್ಜೆ ದೂರ, ಒಂದೇ ಜಾಗ, ಒಂದೇ ಸ್ಯಾಂಡ್ ವೆಡ್ಜ್. ಮೊದಲು ನಾನು ಹೊಡೆದೆ. ಪ್ರೊ ವಿ1 ಒಂದು ಪುಟಿಯಿತು, ಎರಡನೇ ಪುಟಿತಕ್ಕೆ ಬ್ರೇಕ್ ಹಾಕಿದ ಹಾಗೆ ನಿಧಾನವಾಯಿತು, ಎರಡು ಹೆಜ್ಜೆ ಉರುಳಿ ನಿಂತಿತು. ಟೂ ಪೀಸ್ ಅದೇ ಜಾಗದಲ್ಲಿ ಬಿದ್ದು ಧ್ವಜ ದಾಟಿ ಆರು ಹೆಜ್ಜೆ ಹೋಯಿತು. ಅವರ ಮುಖ ಅರಳಿತು. "ಹಾಗಾದ್ರೆ ಮಗ ಕೊಟ್ಟದ್ದೇ ಒಳ್ಳೆಯದು" ಅಂದರು. ಈಗ ನೀವು ಹೊಡೆಯಿರಿ ಅಂದೆ. ಹತ್ತು ಹೊಡೆದರು. ನಾಲ್ಕು ಸಲ ಕ್ಲಬ್ ಮೊದಲು ನೆಲಕ್ಕೆ ತಾಗಿತು. ಮೂರು ಸಲ ಕ್ಲಬ್‌ನ ಕೆಳ ಅಂಚು ಬಾಲ್‌ನ ಹೊಟ್ಟೆಗೆ ಬಡಿದು ಬಾಲ್ ಗ್ರೀನ್ ದಾಟಿ ಆಚೆ ಹೋಯಿತು. ಸರಿಯಾಗಿ ತಾಗಿದ್ದು ಮೂರು. ಎರಡೂ ಬಾಲ್‌ಗಳ ನಡುವೆ ಅವರ ಕೈಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ.

ನಾನು ಎಲ್ಲರಿಗೂ ಇಟ್ಟಿರುವ ಅಳತೆ ಇದೇ. ಹತ್ತು ಚಿಪ್‌ನಲ್ಲಿ ಆರಾದರೂ ಸ್ವಚ್ಛವಾಗಿ ತಾಗುತ್ತಿದ್ದರೆ ಯುರೆಥೇನ್ ಬಾಲ್‌ಗೆ ಬನ್ನಿ, ಅದರ ಲಾಭ ನಿಮಗೆ ಸಿಗುತ್ತದೆ. ಅಲ್ಲಿಯವರೆಗೆ ಒಳ್ಳೆಯ ಟೂ ಪೀಸ್ ಸಾಕು. ಸ್ರಿಕ್ಸನ್ ಸಾಫ್ಟ್ ಫೀಲ್, ಕ್ಯಾಲವೇ ಸೂಪರ್‌ಸಾಫ್ಟ್ ಥರದ್ದು. ಇವುಗಳಲ್ಲಿ ಆಡಿದರೆ ಕಲಿಕೆಗೆ ಏನೂ ಕಡಿಮೆ ಆಗುವುದಿಲ್ಲ.

ಟೂ ಪೀಸ್‌ಗೆ ಇನ್ನೊಂದು ಗುಣ ಇದೆ, ಹೊಸಬರಿಗೆ ಅದು ದೊಡ್ಡದು. ಹೊಸಬರ ಕಷ್ಟ ಸ್ಲೈಸ್, ಅಂದರೆ ಬಾಲ್ ನೇರ ಹೊರಟು ಬಲಕ್ಕೆ ಬಾಗುವುದು. ಕ್ಲಬ್ ಓರೆಯಾಗಿ ಬಂದು ಬಾಲ್ ಓರೆ ತಿರುಗಿದಾಗ ಹೀಗಾಗುತ್ತದೆ. ಸ್ಪಿನ್ ಜಾಸ್ತಿ ಆದಷ್ಟೂ ಬಾಗುವುದು ಜಾಸ್ತಿ. ಕಡಿಮೆ ಸ್ಪಿನ್ ಇರುವ ಬಾಲ್ ಅದೇ ತಪ್ಪು ಹೊಡೆತಕ್ಕೆ ಸ್ವಲ್ಪ ಕಡಿಮೆ ಬಾಗುತ್ತದೆ. ಸ್ಲೈಸ್ ಹೋಗುವುದಿಲ್ಲ, ಅದಕ್ಕೆ ಸ್ವಿಂಗ್ ತಿದ್ದಬೇಕು. ಆದರೆ ಪೊದೆಗೆ ಹೋಗುವ ಹತ್ತರಲ್ಲಿ ಎರಡು ಮೂರು, ಹುಲ್ಲು ಕತ್ತರಿಸಿದ ದಾರಿಯಾದ ಫೇರ್‌ವೇ ಅಂಚಿನಲ್ಲಿ ಉಳಿಯುತ್ತವೆ. ನಿಂತು ಮುಂದಿನ ಹೊಡೆತ ಆಡಲು ಸಿಗುತ್ತದಲ್ವಾ, ಅದೇ ಅಭ್ಯಾಸ.

ಇನ್ನು ಸ್ವಿಂಗ್ ವೇಗದ ವಿಷಯ. ಅಂಗಡಿಗಳಲ್ಲಿ ಜಾಸ್ತಿ ಕೇಳುವ ಮಾತು ಕಂಪ್ರೆಶನ್. ಬಾಲ್ ಎಷ್ಟು ಸುಲಭವಾಗಿ ಅಮುಕಿಕೊಳ್ಳುತ್ತದೆ ಎಂಬ ಅಳತೆ ಅದು. 40ರ ಆಸುಪಾಸಿನದ್ದು ತುಂಬಾ ಮೆತ್ತಗೆ, 90 ದಾಟಿದ್ದು ಗಟ್ಟಿ. "ನಿಮ್ಮ ಸ್ವಿಂಗ್ ನಿಧಾನ, ಮೆತ್ತಗಿನ ಬಾಲ್ ತಗೊಳ್ಳಿ, ದೂರ ಹೋಗುತ್ತದೆ" ಅಂತ ಹೇಳುತ್ತಾರೆ. ಈ ಮಾತು ಅರ್ಧ ಸರಿ. ನಿಧಾನ ಸ್ವಿಂಗ್‌ನವರು ಮೆತ್ತಗಿನ ಬಾಲ್ ತೆಗೆದುಕೊಂಡರೆ ನಷ್ಟ ಇಲ್ಲ, ಕೈಗೆ ಹಿತವಾಗಿ ತಾಗುತ್ತದೆ. ಮೊಣಕೈ ನೋವಿನ ಹಿರಿಯರು ಅದನ್ನೇ ಇಷ್ಟಪಡುತ್ತಾರೆ. ಆದರೆ ಮೆತ್ತಗಿದೆ ಅನ್ನುವುದಕ್ಕೇ ಬಾಲ್ ಹೆಚ್ಚು ದೂರ ಹೋಗುವುದಿಲ್ಲ. ಗಟ್ಟಿ ಬಾಲ್ ಯಾರ ಕೈಯಲ್ಲೂ ಸ್ವಲ್ಪ ವೇಗವಾಗಿಯೇ ಹೊರಡುತ್ತದೆ. ಡ್ರೈವರ್ ಬೀಸಿನ ವೇಗ ಗಂಟೆಗೆ 80–85 ಮೈಲಿ ಇರುವವರಲ್ಲಿ ಈ ವ್ಯತ್ಯಾಸ ತೀರಾ ಸಣ್ಣದು. 110 ಮೈಲಿ ದಾಟುವ ವೃತ್ತಿಪರರಲ್ಲಿ ಅದು ದೊಡ್ಡದು, ಅವರು ಗಟ್ಟಿ ಬಾಲ್ ಬಯಸುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಒಳ್ಳೆಯ ಡ್ರೈವ್ 200 ಗಜದ ಆಸುಪಾಸಿನಲ್ಲಿ ನಿಲ್ಲುತ್ತಿದ್ದರೆ ಕಂಪ್ರೆಶನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಟರ್‌ನಲ್ಲಿ ಹೊಡೆದಾಗ ಯಾವ ಸದ್ದು, ಯಾವ ತಾಗುವಿಕೆ ನಿಮಗೆ ಇಷ್ಟವೋ ಅದನ್ನು ಆರಿಸಿ.

ಬಾಲ್ ಮೇಲಿನ 1, 2, 3, 4 ಅಂಕೆ ಗಟ್ಟಿತನದ್ದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಇಬ್ಬರು ಒಂದೇ ಕಂಪನಿಯ ಬಾಲ್ ಆಡುತ್ತಿದ್ದರೆ ಗುರುತು ಹಿಡಿಯಲು, ಅಷ್ಟೇ.

ದೂರವೇ ಎಲ್ಲ ಅಲ್ಲ ಅನ್ನುವುದಕ್ಕೆ ನಮ್ಮ ರಾಜ್ಯದ ಹುಡುಗಿಯನ್ನೇ ನೋಡಿ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಒಂದೇ ಹೊಡೆತದಲ್ಲಿ ಕಂಚು ತಪ್ಪಿತು. ಆ ವಾರ ಡ್ರೈವ್ ದೂರದಲ್ಲಿ ಅವರು ಪಟ್ಟಿಯ ತೀರಾ ಕೆಳಗಿದ್ದರು. ಅವರನ್ನು ಪದಕದ ಬಾಗಿಲವರೆಗೆ ತಂದದ್ದು ಪಟ್ ಮಾಡುವ ಕ್ಲಬ್, ಪಟರ್. ಆ ನಾಲ್ಕು ದಿನ ಬೆಳಿಗ್ಗೆ ಬೇಗ ಎದ್ದು ನೋಡಿದ ನಮ್ಮ ಎಷ್ಟೋ ಮಂದಿ ಅದಕ್ಕೆ ಮೊದಲು ಗಾಲ್ಫ್ ನೋಡಿದವರೇ ಅಲ್ಲ. ನನಗೆ ಇವತ್ತಿಗೂ ಅದು ಹೆಮ್ಮೆಯ ನೆನಪು.

ನಮ್ಮ ಕರಾವಳಿಯ ಮಾತಿಗೆ ಬರೋಣ. ಬೆಂಗಳೂರಿನಿಂದ ಬಂದು ಇಲ್ಲಿ ಆಡುವವರು "ಬಾಲ್ ಯಾಕೋ ಹೋಗ್ತಾ ಇಲ್ಲ, ಇಲ್ಲಿನ ಗಾಳಿ ಹಸಿ, ಭಾರ" ಅನ್ನುತ್ತಾರೆ. ಹಸಿ ಗಾಳಿ ಭಾರ ಅಲ್ಲ. ನೀರಾವಿ ಒಣ ಗಾಳಿಗಿಂತ ಹಗುರ, ಹಾಗಾಗಿ ಸೆಕೆಯ ದಿನದ ಗಾಳಿ ಒಂದು ಕೂದಲೆಳೆಯಷ್ಟು ತೆಳುವೇ. ಕಾರಣ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಅಲ್ಲಿ ಗಾಳಿ ತೆಳು, ಬಾಲ್‌ಗೆ ತಡೆ ಕಡಿಮೆ. ಅಲ್ಲಿ 200 ಗಜ ಹೋಗುವ ಹೊಡೆತ ಇಲ್ಲಿ ಆರೇಳು ಗಜ ಕಡಿಮೆ ಬೀಳುತ್ತದೆ. ಅದಕ್ಕೆ ಬಾಲ್ ಬದಲಿಸಬೇಡಿ, ಒಂದು ನಂಬರ್ ಕಡಿಮೆಯ, ಅಂದರೆ ಇನ್ನಷ್ಟು ದೂರ ಹೊಡೆಯುವ ಕ್ಲಬ್ ತೆಗೆದುಕೊಳ್ಳಿ.

ಮಳೆಗಾಲ ಮಾತ್ರ ಬೇರೆಯೇ ಆಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ನೀರು ಕುಡಿದಿರುತ್ತದೆ, ಬಿದ್ದ ಬಾಲ್ ಉರುಳುವುದೇ ಇಲ್ಲ. ಒದ್ದೆ ಹುಲ್ಲಿನ ನೀರು ಕ್ಲಬ್ ಮತ್ತು ಬಾಲ್ ನಡುವೆ ಸಿಕ್ಕಿ ಸ್ಪಿನ್ ತಿನ್ನುತ್ತದೆ. ದುಬಾರಿ ಕವರ್‌ನ ಹಿಡಿತ ಅರ್ಧ ನೀರುಪಾಲು. ಫೇರ್‌ವೇ ಬದಿಯ ಹುಲ್ಲುಗಾವಲು ರಫ್‌ನಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. 2019ರಿಂದ ನಿಯಮದ ಪ್ರಕಾರ ಬಾಲ್ ಹುಡುಕಲು ಸಿಗುವುದು ಮೂರೇ ನಿಮಿಷ, ಮೊದಲು ಐದಿತ್ತು. ಆ ಮೂರು ನಿಮಿಷ ಹುಲ್ಲು ಸರಿಸುತ್ತಾ ನಿಂತವರಿಗೆ ಗೊತ್ತು, ಮೋಡದ ಬೆಳಕಿನಲ್ಲಿ ಬಿಳಿ ಬಾಲ್ ಎಷ್ಟು ಬೇಗ ಮಾಯ ಆಗುತ್ತದೆ ಅಂತ. ಆ ನಾಲ್ಕು ತಿಂಗಳು ಹಳದಿ ಟೂ ಪೀಸ್ ಆಡಿ. ಹಳದಿ ಬಿಟ್ಟು ಬೇರೆ ಮದ್ದಿಲ್ಲ.

ಮಳೆ ಹೋದ ಮೇಲೆ ಇನ್ನೊಂದು ತೊಂದರೆ, ನಮ್ಮ ಕೆಂಪು ಮುರಕಲ್ಲು (ಜಂಬಿಟ್ಟಿಗೆ). ಅಂಚಿನ ಗಟ್ಟಿ ನೆಲಕ್ಕೆ ಒಂದು ಸಲ ಬಡಿದರೆ ಕವರ್ ಮೇಲೆ ಮರಳುಕಾಗದ ಉಜ್ಜಿದ ಗುರುತು. ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಗಟಾಪರ್ಚ ಎಂಬ ಮರದ ಅಂಟಿನಿಂದ ಬಾಲ್ ಮಾಡುತ್ತಿದ್ದರು, ಮೈ ನುಣುಪು. ಹೊಸದಕ್ಕಿಂತ ಪೆಟ್ಟು ತಿಂದು ಗಾಯವಾದ ಹಳೆಯ ಬಾಲ್ ಚೆನ್ನಾಗಿ ಹಾರುತ್ತದೆ ಅಂತ ಆಟಗಾರರು ಕಂಡುಕೊಂಡರು. ಅಲ್ಲಿಂದ ಬೇಕೆಂದೇ ಗುರುತು ಕೆತ್ತುವುದು ಶುರುವಾಯಿತು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಗುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. ಇವತ್ತಿನ ಬಾಲ್‌ನಲ್ಲಿ ಮುನ್ನೂರರಿಂದ ನಾನ್ನೂರರ ಆಸುಪಾಸು ಗುಳಿ ಇರುತ್ತವೆ. ಗುಳಿ ಇಲ್ಲದ ಬಾಲ್ ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬೀಳುತ್ತದೆ. ಆ ಗುಳಿಗಳು ಅಳತೆ ಮಾಡಿ ಕೂರಿಸಿದ್ದು, ಮುರಕಲ್ಲಿನ ಗಾಯ ಹಾಗಲ್ಲ. ಬೆರಳಿನಲ್ಲಿ ಸವರಿದಾಗ ಕವರ್ ಸುಲಿದದ್ದು ಗೊತ್ತಾದರೆ ಆ ಬಾಲ್ ಅಭ್ಯಾಸದ ಡಬ್ಬಿಗೆ ಹಾಕಿ. ಬರೀ ಬಣ್ಣ ಮಾಸಿದ್ದರೆ ಆಡಬಹುದು.

ಕೆರೆಯಿಂದ ತೆಗೆದ ಬಾಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಡಿಮೆಗೆ ಸಿಗುತ್ತದೆ, ಆಸೆ ಆಗುವುದು ಸಹಜ. ನಿನ್ನೆ ಬಿದ್ದು ಇವತ್ತು ತೆಗೆದದ್ದಾದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ಇದ್ದದ್ದರ ಒಳಗೆ ತೇವ ಇಳಿಯುತ್ತದೆ, ಪುಟಿಯುವ ಗುಣ ಕುಂದುತ್ತದೆ. ಎಷ್ಟು ದಿನ ಮುಳುಗಿತ್ತು ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಪುನಃ ಬಣ್ಣ ಬಳಿದು ಹೊಸ ಮುದ್ರೆ ಒತ್ತಿದ್ದನ್ನಂತೂ ಕೊಳ್ಳಲೇಬೇಡಿ, ಬಣ್ಣ ಗುಳಿಗಳನ್ನು ತುಂಬಿಸಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ, ಯಾರೂ ಪಾಲಿಸದೇ ಇರುವುದೂ ಅದೇ. ಯಾವ ಬಾಲ್ ಆರಿಸಿದಿರೋ ಅದರಲ್ಲೇ ಇರಿ. ನಮ್ಮವರ ಬ್ಯಾಗ್ ತೆರೆದರೆ ಎಂಟು ಕಂಪನಿಯ ಬಾಲ್, ಸಿಕ್ಕಿದ್ದು, ಕೊಟ್ಟದ್ದು, ಗೆದ್ದದ್ದು. ಒಂದು ಹೋಲ್‌ಗೆ ಮೆತ್ತಗಿನದ್ದು, ಮುಂದಿನದಕ್ಕೆ ಗಟ್ಟಿ. ಚಿಪ್ ಆರು ಹೆಜ್ಜೆ ಓಡಿದ್ದು ಕೈ ತಪ್ಪೋ ಬಾಲ್ ತಪ್ಪೋ ಗೊತ್ತಾಗುವುದು ಹೇಗೆ? ಸಾಧಾರಣ ಬಾಲ್ ಆದರೂ ವರ್ಷವಿಡೀ ಅದೊಂದೇ ಆಡಿದವರ ಕೈಗೆ ಅದು ಎಷ್ಟು ಉರುಳುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ. ನಾಲ್ಕೈದು ಥರದ ಒಂದೊಂದು ಸ್ಲೀವ್ (ಸಣ್ಣ ಪೆಟ್ಟಿಗೆ) ತಂದು, ಗ್ರೀನ್ ಸುತ್ತ ಎರಡು ಸಂಜೆ ಕಳೆದು, ಒಂದನ್ನು ಗಟ್ಟಿ ಮಾಡಿ, ಎರಡು ಡಜನ್ ಒಟ್ಟಿಗೆ ಕೊಳ್ಳಿ. ಕಳೆದುಹೋದರೆ ಹೊಟ್ಟೆ ಉರಿಯದ ಬೆಲೆಯದ್ದನ್ನೇ ಕೊಳ್ಳಿ.

ಮ್ಯಾನೇಜರ್ ಸಾಹೇಬರು ಮೇ ಕೊನೆಗೆ ಎರಡು ಡಜನ್ ಹಳದಿ ಟೂ ಪೀಸ್ ತರಿಸಿದರು. ಒಂದೊಂದರ ಮೇಲೂ ಕಪ್ಪು ಪೆನ್ನಿನಲ್ಲಿ ಮೊಮ್ಮಗಳ ಹೆಸರಿನ ಮೊದಲಕ್ಷರ ಬರೆದರು. ಜುಲೈಯ ಜಡಿಮಳೆಯಲ್ಲೂ, ಸ್ವಲ್ಪ ಹೊಳವಾದರೆ ಸಾಕು, ಬಂದು ಹೊಡೆಯುತ್ತಿದ್ದರು. ಬಾಲ್ ಪೊದೆಗೆ ಹೋದರೆ ಜೇಬಿನಿಂದ ಇನ್ನೊಂದು ತೆಗೆಯುವರು. ಭುಜದ ಬಿಗಿ ಬಿಟ್ಟಿತು. ಪ್ರೊ ವಿ1 ಐದನ್ನೂ ನಾನು ಚಿಪ್ ಅಭ್ಯಾಸಕ್ಕೆ ಮಾತ್ರ ಅಂತ ಕಟ್ಟುಮಾಡಿದ್ದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಹತ್ತು ಚಿಪ್‌ನಲ್ಲಿ ಏಳು ಸ್ವಚ್ಛವಾಗಿ ತಾಗಿದವು. ಏಳನೆಯದ್ದು ಎರಡು ಪುಟಿದು ಧ್ವಜದ ಬುಡದಲ್ಲಿ ನಿಂತಾಗ ಅವರು ಮಾತಾಡಲಿಲ್ಲ, ಹೋಗಿ ಅದನ್ನೇ ಎತ್ತಿಕೊಂಡು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡರು.

ಆ ಸಂಜೆಯೇ ಮಗನಿಗೆ ಫೋನ್ ಮಾಡಿದರಂತೆ. "ಮುಂದಿನ ಸಲ ಬರುವಾಗ ಯುರೆಥೇನ್ ಕವರಿನದ್ದು ತಾ. ಹಳದಿ ಸಿಗ್ತದಾ ನೋಡು."