ಕೀವು ಕಟ್ಟಿದ ಕಡೆ ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಏಕೆ ಸೋಲುತ್ತದೆ?

ಡೊಂಬಿವಲಿಯಿಂದ ದಾದರ್‌ಗೆ ಹೋಗುವ ಮುಂಬೈ ಲೋಕಲ್ ರೈಲಿನಲ್ಲಿ ಮೂರು ದಿನ ಪಠ್ಯಪುಸ್ತಕದ ಇದೊಂದೇ ಪುಟ ಓದಿದೆ. ನಿನ್ನೆ ತಲೆಗೆ ಹತ್ತಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಸುಲಭದ್ದು ಮೊದಲು: ನೋವು ನಿವಾರಕಗಳು. ಅಂಗಾಂಶಕ್ಕೆ ಪೆಟ್ಟಾದರೆ ಕೋಶಪೊರೆಯಿಂದ ಬಿಡುಗಡೆಯಾದ ಅರಾಕಿಡೋನಿಕ್ ಆಮ್ಲವನ್ನು ಕಾಕ್ಸ್ ಕಿಣ್ವ ಪ್ರೋಸ್ಟಗ್ಲಾಂಡಿನ್ ಆಗಿಸುತ್ತದೆ. ಅದರಿಂದ ನೋವಿನ ನರತುದಿಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ. ಆಸ್ಪಿರಿನ್, ಡೈಕ್ಲೋಫಿನಾಕ್ ಆ ಕಿಣ್ವವನ್ನು ತಡೆಯುತ್ತವೆ. ಆಸ್ಪಿರಿನ್ನಿನ ಈ ಗುಟ್ಟನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು. ಇಷ್ಟು ಸಾಕು.

ನಾನು ಎಡವಿದ್ದು ಲಿಗ್ನೊಕೇನ್‌ನಲ್ಲಿ. ಅದು ನರತಂತುವಿನ ಸೋಡಿಯಂ ಚಾನೆಲ್ (ನೋವಿನ ಸಂಕೇತ ಸಾಗಲು ಸೋಡಿಯಂ ಒಳನುಗ್ಗುವ ಬಾಗಿಲು) ಮುಚ್ಚುತ್ತದೆ, ಸರಿ. ಆದರೆ ಒಂದು ಸಾಲಿನಲ್ಲಿ ‘ವಿದ್ಯುದಾವೇಶವಿಲ್ಲದ ಅಣು ಮಾತ್ರ ಪೊರೆ ದಾಟುತ್ತದೆ’ ಎಂದಿದೆ, ಮುಂದಿನ ಸಾಲಿನಲ್ಲಿ ‘ಆವೇಶವಿರುವ ಅಣುವೇ ಚಾನೆಲ್ ಮುಚ್ಚುತ್ತದೆ’ ಎಂದಿದೆ. ಅಚ್ಚಿನ ತಪ್ಪೆಂದೇ ತಿಳಿದಿದ್ದೆ. ಎರಡೂ ನಿಜ, ಏಕೆಂದರೆ ಚಾನೆಲ್ ಮುಚ್ಚುವುದು ಒಳಗಿನಿಂದ! ದೊಡ್ಡ ಮೂಟೆ ಹೊತ್ತವನು ಬೆಳಗಿನ ಲೋಕಲ್ ಹತ್ತಲಾರ. ಕೈಬೀಸಿಕೊಂಡು ಬಂದವನು ನುಸುಳುತ್ತಾನೆ. ಅವನೇ ಒಳಗೆ ಹೋದಮೇಲೆ ಮೂಟೆ ಹೊತ್ತು ಬಾಗಿಲಿಗೆ ಅಡ್ಡ ನಿಂತರೆ? ಮೂಟೆ ಎಂದರೆ ಪ್ರೋಟಾನ್, ಅಣುವಿಗೆ ಆವೇಶ ಕೊಡುವ ಕಣ.

ಈಗ ಲೆಕ್ಕ. ಪಿಎಚ್ ಎಂದರೆ ಹುಳಿಯ ಅಳತೆ: ಅದು ಇಳಿದಷ್ಟೂ ಆಮ್ಲ ಹೆಚ್ಚು, ಪ್ರೋಟಾನ್ ಹೆಚ್ಚು. ಲಿಗ್ನೊಕೇನ್ ದುರ್ಬಲ ಕ್ಷಾರ, ಪಿಕೆಎ 7.9, ಅಂದರೆ ಪಿಎಚ್ 7.9ರಲ್ಲಿ ಅರ್ಧ ಅಣುಗಳ ಮೇಲೆ ಮೂಟೆ, ಅರ್ಧ ಖಾಲಿ. ದೇಹದ ಪಿಎಚ್ 7.4. ವ್ಯತ್ಯಾಸ 0.5, ಹತ್ತರ 0.5ನೇ ಘಾತ 3.16. ಖಾಲಿ ಅಣು ಒಂದಾದರೆ ಮೂಟೆಯವು 3.16. ಒಂದನ್ನು 4.16ರಿಂದ ಭಾಗಿಸಿ: ಶೇ 24. (ನಾನು 3.16ರಿಂದಲೇ ಭಾಗಿಸುತ್ತಿದ್ದೆ. ಒಟ್ಟು ಮೊತ್ತದಿಂದ ಭಾಗಿಸಬೇಕು!) ಬಾವು ಬಂದು ಪಿಎಚ್ 6.4ಕ್ಕೆ ಇಳಿಯಿತೆನ್ನಿ: ವ್ಯತ್ಯಾಸ 1.5, ಘಾತ 31.6, ಖಾಲಿ ಅಣು ಶೇ 3 ಮಾತ್ರ. ಔಷಧಿ ಅಷ್ಟೇ ಇದೆ, ಪೊರೆ ದಾಟುವವರೇ ಇಲ್ಲ.

ಕಳೆದ ವರ್ಷ ದೊಡ್ಡಪ್ಪನ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವಾಗಿತ್ತು. ವೈದ್ಯರು ಬಾವನ್ನು ಮುಟ್ಟದೆ ದವಡೆಯ ಹಿಂಬದಿಯಲ್ಲಿ ಚುಚ್ಚಿದರು. “ನೋವು ಇಲ್ಲಿ, ಸೂಜಿ ಅಲ್ಲಿ!” ಎಂದು ದೊಡ್ಡಪ್ಪ ಮನೆಗೆ ಬಂದು ಗೊಣಗಿದ್ದರು. ಆಮ್ಲವಿಲ್ಲದ ಜಾಗದಲ್ಲಿ ಅದೇ ನರವನ್ನು ಹಿಡಿದಿದ್ದರು ಎಂಬುದು ನನಗೆ ಹೊಳೆದದ್ದು ನಿನ್ನೆ, ಕುರ್ಲಾ ದಾಟುವಾಗ.

ಡೈಕ್ಲೋಫಿನಾಕ್‌ನದು ತಿರುಗಾಮುರುಗಾ. ಅದು ದುರ್ಬಲ ಆಮ್ಲ, ಪಿಕೆಎ ಸುಮಾರು 4. ಮೂಟೆ ಹೊತ್ತಾಗ ಅದಕ್ಕೆ ಆವೇಶವಿಲ್ಲ, ಇಳಿಸಿದಾಗ ಇದೆ. ಬಾವಿನ ಹುಳಿಯಲ್ಲಿ ಅದರ ಆವೇಶರಹಿತ ಪಾಲು ಹೆಚ್ಚುತ್ತದೆ, ಕೋಶದೊಳಗೆ ನುಸುಳುತ್ತದೆ. ಒಳಗಿನ ಪಿಎಚ್ ಹೆಚ್ಚಿರುವುದರಿಂದ ಮತ್ತೆ ಆವೇಶ ಪಡೆದು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಬೇಕಾದ ಕಡೆಯೇ ಶೇಖರವಾಗುತ್ತದೆ. ಇವೆರಡನ್ನು ಅದಲುಬದಲು ಬರೆದು ಕಿರುಪರೀಕ್ಷೆಯಲ್ಲಿ ನಾಲ್ಕು ಅಂಕ ಕಳೆದುಕೊಂಡಿದ್ದೇನೆ.