ಛತ್ರಿ ಮಡಚೋಕೆ ಬಂದ್ರೆ ಕಾರಿನ ಕನೆಕ್ಟರಿಂದ ಪಿನ್ ತೆಗೆಯೋಕೂ ಬರುತ್ತೆ

ಹಳೇ ಮಾದರಿಯ ಉದ್ದ ಛತ್ರಿ ಇದ್ರೆ ಒಂದ್ಸಲ ಬಿಚ್ಚಿ ನೋಡಿ. ಕೋಲಿನ ಮೇಲೆ ಜಾರೋ ಕೊಳವೆ ಮೇಲಕ್ಕೆ ಹೋಗ್ತಾ ಅಲ್ಲಿರೋ ಪುಟ್ಟ ತಗಡಿನ ಕ್ಲಿಪ್ಪನ್ನ ಒತ್ತಿಕೊಂಡು ದಾಟುತ್ತೆ, ದಾಟಿದ ತಕ್ಷಣ ಕ್ಲಿಪ್ ಟಕ್ ಅಂತ ಹೊರಗೆ ನೆಗೆದು ಕೊಳವೆ ಕೆಳಗೆ ಅಡ್ಡ ನಿಲ್ಲುತ್ತೆ. ಈಗ ಮಡಚಬೇಕು. ಕೊಳವೆನ ಕೆಳಕ್ಕೆ ಎಷ್ಟು ಜಗ್ಗಿದ್ರೂ ಬರಲ್ಲ, ಜಗ್ಗಿದಷ್ಟೂ ಕ್ಲಿಪ್ ಮೇಲೆ ಭಾರ ಬಿದ್ದು ಅದನ್ನ ಒತ್ತೋಕೂ ಆಗಲ್ಲ, ಹಾಗಾಗಿ ನಾವು ಯೋಚನೆನೇ ಮಾಡದೆ ಕೊಳವೆನ ಮೊದಲು ಕೂದಲೆಳೆಯಷ್ಟು ಮೇಲಕ್ಕೆ ತಳ್ತೀವಿ, ಕ್ಲಿಪ್ ಒತ್ತುತೀವಿ, ಆಮೇಲೆ ಇಳಿಸ್ತೀವಿ. ಕಾರಿನ ಕನೆಕ್ಟರ್, ಅಂದ್ರೆ ವೈರುಗಳನ್ನ ಒಂದಕ್ಕೊಂದು ಜೋಡಿಸೋ ಪ್ಲಾಸ್ಟಿಕ್ ಪ್ಲಗ್, ಅದರ ಒಳಗಿಂದ ಪಿನ್ ಹೊರಗೆ ತೆಗೆಯೋ ವಿದ್ಯೆನೂ ಹೆಚ್ಚುಕಮ್ಮಿ ಇದೇ. ಕಷ್ಟ ಏನಪ್ಪಾ ಅಂದ್ರೆ ಇಲ್ಲಿ ಕ್ಲಿಪ್ ಕಣ್ಣಿಗೆ ಬೀಳಲ್ಲ, ಬಿದ್ರೂ ಇರುವೆಯಷ್ಟು ಇರುತ್ತೆ.

ಈ ಕೆಲಸ ಯಾಕಾದ್ರೂ ಬೇಕು? ಈಗಿನ ಒಂದು ಕಾರಲ್ಲಿ ನೂರಾರು ಕನೆಕ್ಟರ್ ಇರುತ್ವೆ, ವೈರಿಂಗ್ ಮಾಡೋರು ಕಪ್ಲರ್ ಅಂತಾರಲ್ಲ ಅವೇ. ಒಳಗೆ ನೀರು ಹೋಗಿ ಒಂದು ಪಿನ್ ಹಸಿರು ಕಿಲುಬು ಹಿಡಿದಿರುತ್ತೆ, ಇಲ್ಲಾ ಬಿಸಿಗೆ ಪ್ಲಾಸ್ಟಿಕ್ ಕರಗಿ ಹೌಸಿಂಗೇ, ಅಂದ್ರೆ ಹೊರಗಿನ ಕವಚವೇ, ಬದಲಾಯಿಸಬೇಕಿರುತ್ತೆ, ಇಲ್ಲಾ ವೈರನ್ನ ಒಂದು ಸಣ್ಣ ರಬ್ಬರ್ ತೂತಿನ ಮೂಲಕ ಆಚೆ ದಾಟಿಸಬೇಕಿರುತ್ತೆ. ತುಂಬಾ ಜನ ಆಗ ವೈರ್ ಕತ್ತರಿಸಿ ಆಮೇಲೆ ಸುತ್ತಿ ಟೇಪ್ ಹಾಕ್ತಾರೆ. ನನ್ನ ಪ್ರಕಾರ ಅದು ರಿಪೇರಿನೇ ಅಲ್ಲ, ಮುಂದಿನ ತೊಂದರೆಗೆ ಹಾಕಿದ ಪಾಯ.

ಒಂದು ಕನೆಕ್ಟರ್ ಒಳಗೆ ಏನಿರುತ್ತೆ ಅಂತ ನೋಡೋಣ. ಹೊರಗೆ ಪ್ಲಾಸ್ಟಿಕ್ ಹೌಸಿಂಗ್, ಅದರಲ್ಲಿ ಜೇನುಗೂಡಿನ ಥರ ಸಾಲು ಸಾಲು ಗೂಡುಗಳು, ಒಂದೊಂದು ಗೂಡಲ್ಲಿ ಒಂದೊಂದು ಲೋಹದ ಟರ್ಮಿನಲ್, ಪಿನ್ ಅಂತ ಇಷ್ಟೊತ್ತು ಅಂದಿದ್ದು ಇದನ್ನೇ. ಟರ್ಮಿನಲ್ ಅಂದ್ರೆ ತಾಮ್ರದ ಮಿಶ್ರಲೋಹದ ತೆಳು ತಗಡನ್ನ ಮಡಚಿ ಮಾಡಿದ ವಸ್ತು, ಮೇಲೆ ಸಾಮಾನ್ಯವಾಗಿ ತವರದ ಲೇಪ. ಹಿಂದೆ ಎರಡು ಜೊತೆ ರೆಕ್ಕೆ, ಒಂದು ಜೊತೆ ತಾಮ್ರದ ಎಳೆಗಳನ್ನ ಅದುಮಿ ಹಿಡಿಯುತ್ತೆ, ಇನ್ನೊಂದು ಜೊತೆ ವೈರಿನ ಪ್ಲಾಸ್ಟಿಕ್ ಹೊದಿಕೆನ ಹಿಡಿಯುತ್ತೆ. ಫ್ಯಾಕ್ಟರಿಲಿ ಇದನ್ನ ಹಿಂದಿನಿಂದ ಗೂಡೊಳಗೆ ತಳ್ತಾರೆ, ಟಕ್ ಅಂತ ಸದ್ದಾಗುತ್ತೆ, ಮತ್ತೆ ಹಿಂದಕ್ಕೆ ಬರಲ್ಲ. ಆ ಟಕ್ ಅನ್ನೋ ಸದ್ದಿನ ಹಿಂದೆ ಒಂದು ಪುಟ್ಟ ನಾಲಿಗೆ ಇದೆ. ಕೆಲವು ಕನೆಕ್ಟರಲ್ಲಿ ಈ ನಾಲಿಗೆ ಟರ್ಮಿನಲ್ಲಿನ ಬೆನ್ನ ಮೇಲೇ ಇರುತ್ತೆ, ತಗಡನ್ನೇ ಸೀಳಿ ಸ್ವಲ್ಪ ಮೇಲಕ್ಕೆ ಎತ್ತಿರ್ತಾರೆ, ಮೀನಿನ ಗಾಳದ ಮುಳ್ಳಿನ ಥರ. ಇನ್ನು ಕೆಲವದರಲ್ಲಿ ನಾಲಿಗೆ ಹೌಸಿಂಗಿನದ್ದು, ಪ್ಲಾಸ್ಟಿಕ್ಕಿನದ್ದು, ಅದು ಬಂದು ಟರ್ಮಿನಲ್ಲಿನ ಹಿಂಭಾಗಕ್ಕೆ ಅಡ್ಡ ಕೂರುತ್ತೆ. ಲೋಹದ್ದಾದ್ರೆ ನಾಲಿಗೆನ ಟರ್ಮಿನಲ್ ಕಡೆಗೆ ಒತ್ತಬೇಕು, ಪ್ಲಾಸ್ಟಿಕ್ಕಿನದ್ದಾದ್ರೆ ಟರ್ಮಿನಲ್ಲಿಂದ ದೂರಕ್ಕೆ ಎತ್ತಬೇಕು. ದಿಕ್ಕು ಪೂರ್ತಿ ಉಲ್ಟಾ. ಯಾವ ಜಾತಿ ಅಂತ ಗೊತ್ತಿಲ್ದೆ ಸೂಜಿ ಹಾಕಿ ಕೆದಕಿದ್ರೆ ಕನೆಕ್ಟರ್ ಹಾಳಾಗೋದು ಗ್ಯಾರಂಟಿ.

ನಾನು ಮೊದಲ ಸಲ ಹಾಳು ಮಾಡಿದ್ದು ಮಾತ್ರ ಬೇರೆ ಕಾರಣಕ್ಕೆ. ಅರ್ಧ ಗಂಟೆ ಸೂಜಿ ಆಡಿಸಿದೆ, ನಾಲಿಗೆ ಎದ್ದಂಗೆ ಕೈಗೂ ಅನ್ನಿಸ್ತಿತ್ತು, ಆದ್ರೂ ವೈರ್ ಜಪ್ಪಯ್ಯ ಅಂದ್ರೂ ಬರ್ಲಿಲ್ಲ. ಸಿಟ್ಟಿಗೆ ಜೋರಾಗಿ ಎಳೆದೆ, ವೈರ್ ಒಂದೇ ಕೈಗೆ ಬಂತು, ಟರ್ಮಿನಲ್ ಒಳಗೇ ಉಳೀತು. ಆಮೇಲೆ ನೋಡಿದ್ರೆ ಮುಂದೆ ಬೇರೆ ಬಣ್ಣದ ಒಂದು ಪ್ಲಾಸ್ಟಿಕ್ ತುಂಡು, ಅಲಂಕಾರಕ್ಕೆ ಇರಬೇಕು ಅಂದ್ಕೊಂಡು ಬಿಟ್ಟಿದ್ದೆ, ಅದು ಎರಡನೇ ಲಾಕ್! ಅದನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ಮೀಟಿ ಒಂದು ಹಂತ ಹೊರಗೆ ತಂದ್ರೆ ಮಾತ್ರ ನಾಲಿಗೆಗೆ ಅಲ್ಲಾಡೋಕೆ ಜಾಗ ಸಿಗೋದು. ಪೂರ್ತಿ ಕಿತ್ತು ತೆಗೆಯೋದು ಎಲ್ಲದಕ್ಕೂ ಬೇಕಿಲ್ಲ, ತುಂಬಾ ಕನೆಕ್ಟರಲ್ಲಿ ಒಂದು ಕ್ಲಿಕ್ ಈಚೆ ಬಂದ್ರೆ ಸಾಕು. ಈ ಎರಡನೇ ಲಾಕ್ ಇಡೋದರ ಹಿಂದೆ ಒಳ್ಳೆ ತಲೆ ಓಡಿಸಿದ್ದಾರೆ, ಯಾಕಂದ್ರೆ ಯಾವುದಾದ್ರೂ ಒಂದು ಟರ್ಮಿನಲ್ ಅರ್ಧಂಬರ್ಧ ಕೂತಿದ್ರೆ ಈ ತುಂಡು ಒಳಗೆ ಹೋಗೋದೇ ಇಲ್ಲ. ಜೋಡಿಸೋರ ತಪ್ಪನ್ನ ಅಲ್ಲೇ ಹಿಡಿದುಬಿಡುತ್ತೆ.

ಈಗ ಛತ್ರಿ ಪಾಠಕ್ಕೆ ವಾಪಸ್ ಬರೋಣ. ಎರಡನೇ ಲಾಕ್ ತೆಗೆದಾಯ್ತು, ವೈರನ್ನ ಮೊದಲು ಒಳಕ್ಕೆ ತಳ್ಳಿ, ಹೌದು ಒಳಕ್ಕೇ. ಟರ್ಮಿನಲ್ ಅರ್ಧ ಮಿಲಿಮೀಟರ್ ಮುಂದೆ ಹೋದ್ರೂ ನಾಲಿಗೆ ತುದಿ ತಾನು ಆತುಕೊಂಡಿರೋ ಅಂಚಿಂದ ಬಿಡಿಸಿಕೊಳ್ಳುತ್ತೆ, ಅಲ್ಲಿ ಘರ್ಷಣೆ ಇಲ್ಲವಾಗುತ್ತೆ. ಹಾಗೇ ಹಿಡ್ಕೊಂಡು ಮುಂದಿನಿಂದ ಟೂಲ್ ಹಾಕಿ ನಾಲಿಗೆ ಒತ್ತಿ, ಆಮೇಲೆ ವೈರ್ ಎಳೀರಿ. ಸರಿಯಾಗಿ ಒತ್ತಿದ್ರೆ ಎರಡು ಬೆರಳಲ್ಲಿ ಜಾರಿ ಬರುತ್ತೆ. ಬರ್ಲಿಲ್ಲ ಅಂದ್ರೆ ನಾಲಿಗೆ ಒತ್ತಿಲ್ಲ ಅಂತ ಅರ್ಥ, ಶಕ್ತಿ ಹಾಕಿ ಪ್ರಯೋಜನ ಇಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಆ ಗಾದೆ ಇದಕ್ಕೇ ಮಾಡಿದಂಗಿದೆ.

ಒತ್ತೋದು ಎಲ್ಲಿ ಅನ್ನೋದು ಮುಖ್ಯ. ನಾಲಿಗೆ ಅಂದ್ರೆ ಒಂದು ಕಡೆ ಗಟ್ಟಿಯಾಗಿ ಅಂಟಿಕೊಂಡು ಇನ್ನೊಂದು ಕಡೆ ಗಾಳೀಲಿರೋ ತೊಲೆ, ಈಜುಕೊಳದಲ್ಲಿ ಡೈವ್ ಹೊಡೆಯೋ ಹಲಗೆ ಇದೆಯಲ್ಲ ಹಾಗೆ. ಹಲಗೆ ತುದೀಲಿ ನಿಂತ್ರೆ ಚೆನ್ನಾಗಿ ಬಗ್ಗುತ್ತೆ, ಬುಡದ ಹತ್ರ ನಿಂತ್ರೆ ಅಲ್ಲಾಡಲ್ಲ. ಲೆಕ್ಕ ಹಾಕಿದ್ರೆ, ತುದಿಯಲ್ಲಿ ಒತ್ತೋ ಬದಲು ನಡುಮಧ್ಯ ಒತ್ತಿ ತುದಿನ ಅಷ್ಟೇ ಬಗ್ಗಿಸಬೇಕು ಅಂದ್ರೆ 3.2 ಪಟ್ಟು ಬಲ ಬೇಕು. ಇನ್ನು ದಪ್ಪದ ವಿಷಯ, ತಗಡಿನ ದಪ್ಪ ಎರಡರಷ್ಟಾದ್ರೆ ಅದರ ಬಿಗುವು ಎಂಟರಷ್ಟಾಗುತ್ತೆ, ಘನದ ಲೆಕ್ಕದಲ್ಲಿ ಏರುತ್ತೆ. ಇದು ನಾಲಿಗೆಗೂ ಹೌದು, ನಿಮ್ಮ ಟೂಲಿಗೂ ಹೌದು. ಪೇಪರ್ ಕ್ಲಿಪ್ ನೇರ ಮಾಡಿ ಹಾಕಿದ್ರೆ ನಾಲಿಗೆ ಬದಲು ಕ್ಲಿಪ್ಪೇ ಬಗ್ಗುತ್ತೆ, ಅದು ಮೆತ್ತನೆ ಉಕ್ಕು, ಒಮ್ಮೆ ಬಗ್ಗಿದ್ರೆ ಹಾಗೇ ಉಳಿಯುತ್ತೆ. ಗಟ್ಟಿ ಉಕ್ಕಿನ ಹೊಲಿಗೆ ಸೂಜಿ ವಾಸಿ, ತುದಿನ ಚಪ್ಪಟೆ ಉಜ್ಜಿಕೊಂಡ್ರೆ ಇನ್ನೂ ವಾಸಿ, ಇದಕ್ಕೇ ಅಂತ ಬರೋ ಪಿನ್ ತೆಗೆಯೋ ಟೂಲ್ ಸೆಟ್ ಎಲ್ಲಕ್ಕಿಂತ ವಾಸಿ.

ಪ್ಲಾಸ್ಟಿಕ್ ಬಗ್ಗೆ ಒಂದು ಮಾತು. ಹೌಸಿಂಗ್ ಸಾಮಾನ್ಯವಾಗಿ ನೈಲಾನ್ ಇಲ್ಲಾ ಪಿಬಿಟಿ ಅನ್ನೋ ಇನ್ನೊಂದು ಪ್ಲಾಸ್ಟಿಕ್. ನೈಲಾನಿಗೆ ಸ್ವಲ್ಪ ತೇವ ಹೀರಿಕೊಂಡಿದ್ರೇನೇ ಬಾಗೋ ಗುಣ, ಎಂಜಿನ್ ಪಕ್ಕ ವರ್ಷಗಟ್ಟಲೆ ಬೆಂದು ಒಣಗಿದ್ದು ಬಿಸ್ಕತ್ತಿನ ಥರ ಮುರಿಯುತ್ತೆ. ಹಳೇ ಗಾಡಿ ಆದ್ರೆ ಹೇರ್ ಡ್ರೈಯರಲ್ಲಿ ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಕೈ ಹಾಕಿ.

ಎಲ್ಲಾ ಕನೆಕ್ಟರೂ ಒಂದೇ ಥರ ಇರಲ್ಲ. ಲಾರಿ, ಟ್ರಾಕ್ಟರಲ್ಲಿ ಕಾಣೋ ಡಾಯ್ಚ್ ಡಿಟಿ ಅನ್ನೋ ಕನೆಕ್ಟರಲ್ಲಿ ಮುಂದೆ ಒಂದು ಬೆಣೆ ಇರುತ್ತೆ, ಅದನ್ನ ಕೊಕ್ಕೇಲಿ ಎಳೆದು ತೆಗೆದ್ಮೇಲೆ ಪ್ಲಾಸ್ಟಿಕ್ ಬೆರಳನ್ನ ಪಕ್ಕಕ್ಕೆ ಸರಿಸಿದ್ರೆ ಪಿನ್ ಬರುತ್ತೆ, ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು. ವೆದರ್‌ಪ್ಯಾಕ್ ಅನ್ನೋ ಜಾತೀಲಿ ಟರ್ಮಿನಲ್ಲಿನ ಎರಡೂ ಪಕ್ಕ ಮುಳ್ಳು, ಎರಡನ್ನೂ ಒಟ್ಟಿಗೇ ಅದುಮಬೇಕು, ಅದಕ್ಕೆ ಟೊಳ್ಳು ಕೊಳವೆ ಥರದ ಟೂಲ್ ಬೇಕು. ಮೆಟ್ರಿಪ್ಯಾಕ್ 150 ಅನ್ನೋ ಸರಣಿಯ ಕೆಲವು ಕನೆಕ್ಟರಲ್ಲಂತೂ ಕತೆನೇ ತಿರುಗುಮುರುಗು: ವೈರನ್ನ ಮೊದಲು ಹೌಸಿಂಗ್ ಮೂಲಕ ತೂರಿಸಿ, ಮುಂದೆ ಬಂದ ತುದಿಗೆ ಟರ್ಮಿನಲ್ ಕ್ರಿಂಪ್ ಮಾಡಿ, ಅಂದ್ರೆ ಅದರ ರೆಕ್ಕೆಗಳನ್ನ ವೈರ್ ಸುತ್ತ ಅದುಮಿ, ಹಿಂದಕ್ಕೆ ಎಳೆದು ಕೂರಿಸಿರ್ತಾರೆ. ಅದನ್ನ ತೆಗೆಯೋಕೆ ಮುಂದಕ್ಕೆ ತಳ್ಳಬೇಕು. ಹಿಂದಕ್ಕೆ ಎಳೀತಾ ಕೂತ್ರೆ ಅದು ಕೂರೋ ದಿಕ್ಕಿಗೇ ನೀವು ಸಹಾಯ ಮಾಡ್ತಿರ್ತೀರಿ.

ಇಷ್ಟೆಲ್ಲಾ ನಾಜೂಕು ಯಾಕೆ ಅಂತ ಕೇಳಬಹುದು. ಎರಡು ಲೋಹ ಮುಟ್ಟಿವೆ ಅಂತ ನಮಗೆ ಅನ್ಸುತ್ತೆ, ಆದ್ರೆ ಸೂಕ್ಷ್ಮವಾಗಿ ನೋಡಿದ್ರೆ ಎರಡೂ ಗುಡ್ಡಗಾಡು, ಕೆಲವು ಶಿಖರಗಳು ಮಾತ್ರ ಒಂದಕ್ಕೊಂದು ತಾಕಿರುತ್ವೆ, ಕರೆಂಟ್ ಎಲ್ಲಾ ಆ ಚುಕ್ಕೆಗಳ ಮೂಲಕವೇ ಹರಿಯಬೇಕು. ವಿದ್ಯುತ್ ಸಂಪರ್ಕಗಳನ್ನೇ ಜೀವಮಾನ ಪೂರ್ತಿ ಓದಿದ ರಾಗ್ನರ್ ಹೋಮ್ ಈ ಚುಕ್ಕೆಗಳನ್ನ 'ಎ-ಸ್ಪಾಟ್' ಅಂತ ಕರೆದ್ರು. ಚುಕ್ಕೆಗಳನ್ನ ಒತ್ತಿ ಹಿಡಿಯೋದು ಹೆಣ್ಣು ಟರ್ಮಿನಲ್ (ಎದುರಿನ ಪಿನ್ನನ್ನ ಒಳಗೆ ತಗೊಳ್ಳೋದು) ಒಳಗಿರೋ ಸ್ಪ್ರಿಂಗ್. ದಪ್ಪ ಮಲ್ಟಿಮೀಟರ್ ಕಡ್ಡಿನ ಅದರೊಳಗೆ ತುರುಕಿ ಚೆಕ್ ಮಾಡಿದ್ರೆ ಸ್ಪ್ರಿಂಗ್ ಅಗಲ ಆಗುತ್ತೆ, ಹಿಡಿತ ಸಡಿಲ ಆಗುತ್ತೆ, ಚೆಕ್ ಮಾಡೋಕೆ ಹೋಗಿ ಹೊಸ ತೊಂದರೆ ಮಾಡಿಟ್ಟಂಗೆ. ಆಮೇಲೆ ಗಾಡಿ ಅದುರಿದಾಗೆಲ್ಲಾ ಟರ್ಮಿನಲ್ ಮೈಕ್ರಾನ್ ಲೆಕ್ಕದಲ್ಲಿ ಹಿಂದೆ ಮುಂದೆ ಉಜ್ಜುತ್ತೆ, ತವರದ ಮೇಲಿನ ಆಕ್ಸೈಡ್ ಪುಡಿಯಾಗಿ ಅಲ್ಲೇ ಗುಡ್ಡೆ ಬೀಳುತ್ತೆ. "ಕಪ್ಲರ್ ಬಿಚ್ಚಿ ಹಾಕಿದೆ, ಸರಿಹೋಯ್ತು" ಅಂತ ಮೆಕ್ಯಾನಿಕ್‌ಗಳು ಹೇಳ್ತಾರಲ್ಲ, ಬಹಳಷ್ಟು ಸಲ ಆಗೋದು ಆ ಪುಡಿ ಒರೆಸಿಹೋಗೋದು ಅಷ್ಟೇ, ಅದಕ್ಕೇ ಸ್ವಲ್ಪ ದಿನಕ್ಕೆ ಮತ್ತೆ ಶುರು. 0.1 ಓಮ್ ಪ್ರತಿರೋಧ ಕೇಳೋಕೆ ಏನೂ ಅಲ್ಲ, ಆದ್ರೆ 10 ಆಂಪಿಯರ್ ಹರಿಯೋ ಕಡೆ ಅದು 1 ವೋಲ್ಟ್ ನುಂಗಿ 10 ವ್ಯಾಟ್ ಬಿಸಿ ಕಕ್ಕುತ್ತೆ, ಅದೂ ಉಗುರಿಗಿಂತ ಸಣ್ಣ ಜಾಗದಲ್ಲಿ. ಕರಗಿದ ಹೌಸಿಂಗ್ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳದಿ ಕನೆಕ್ಟರ್ ಅಂದ್ರೆ ಸಾಮಾನ್ಯವಾಗಿ ಏರ್‌ಬ್ಯಾಗಿಂದು, ಬ್ಯಾಟರಿ ತೆಗೆದ್ರೂ ಅದರ ಕಂಟ್ರೋಲ್ ಯೂನಿಟ್‌ನ ಕೆಪಾಸಿಟರಲ್ಲಿ ಸ್ವಲ್ಪ ಹೊತ್ತು ಶಕ್ತಿ ಉಳಿದಿರುತ್ತೆ. ಕಿತ್ತಳೆ ಬಣ್ಣದ ಕೇಬಲ್ ಅಂದ್ರೆ ಎಲೆಕ್ಟ್ರಿಕ್ ಗಾಡಿಯ ಹೈ ವೋಲ್ಟೇಜ್. ಇವೆರಡನ್ನೂ ಸೂಜಿ ಹಿಡಿದು ಕಲಿಯೋಕೆ ಹೋಗಬೇಡಿ. ಮಿಕ್ಕಿದ್ದಕ್ಕೆ ಮೊದಲು ಎರಡೂ ಕಡೆಯಿಂದ ಫೋಟೋ ತೆಗೆದಿಟ್ಕೊಳ್ಳಿ, ಯಾಕಂದ್ರೆ ಮುಂದಿನಿಂದ ನೋಡಿದಾಗ ಎಡಗಡೆ ಇದ್ದ ವೈರ್ ಹಿಂದಿನಿಂದ ನೋಡಿದ್ರೆ ಬಲಗಡೆ ಇರುತ್ತೆ, ಗೂಡಿನ ನಂಬರ್ ಹೌಸಿಂಗ್ ಮೇಲೆ ಅಚ್ಚಾಗಿದ್ರೂ ಲೆನ್ಸ್ ಇಲ್ದೆ ಓದೋಕಾಗಲ್ಲ.

ವಾಪಸ್ ಹಾಕುವಾಗ ಲೋಹದ ನಾಲಿಗೆನ ಬ್ಲೇಡ್ ತುದೀಲಿ ಸ್ವಲ್ಪವೇ ಮೇಲಕ್ಕೆ ಎತ್ತಿ, ತೆಗೆಯುವಾಗ ಅದು ಚಪ್ಪಟೆಯಾಗಿರುತ್ತೆ. ಎರಡು ಮೂರು ಸಲಕ್ಕಿಂತ ಜಾಸ್ತಿ ಎತ್ತಿ ಇಳಿಸಿದ್ರೆ ಬುಡದಲ್ಲೇ ಬಿರುಕು ಬಿಡಬಹುದು, ಆಗ ಹೊಸ ಟರ್ಮಿನಲ್ಲೇ ಗತಿ. ಒಳಗೆ ತಳ್ಳಿ, ಟಕ್ ಅಂತ ಕೇಳಿಸ್ಲಿ, ವೈರ್ ಹಿಡಿದು ಮೆಲ್ಲಗೆ ಒಂದ್ಸಲ ಹಿಂದಕ್ಕೆ ಎಳೆದು ನೋಡಿ. ಬಂದ್ಬಿಟ್ರೆ ನಾಲಿಗೆ ಸಾಕಷ್ಟು ಎದ್ದಿಲ್ಲ, ಮತ್ತೆ ಬ್ಲೇಡ್ ತಗೊಳ್ಳಿ. ಬರ್ಲಿಲ್ಲ ಅಂದ್ರೆ ಎರಡನೇ ಲಾಕ್ ಒಳಕ್ಕೆ ಒತ್ತಿ, ಅದು ಸಲೀಸಾಗಿ ಕೂತ್ರೆ ಟರ್ಮಿನಲ್ ಪೂರ್ತಿ ಕೂತಿದೆ ಅಂತ.